ಸೀಸೆಯಲ್ಲಿ ಉಳಿದ ಬೀಜ

ಹಾವೇರಿ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ನಾವು ಹುಟ್ಟಿ ಬೆಳೆದ ಮನೆಯನ್ನು 2023ರ ಡಿಸೆಂಬರ್ ತಿಂಗಳಲ್ಲಿ ಕೆಡವಿದರು. ಅಜ್ಜನ ಕಾಲದ ಮಣ್ಣಿನ ಮಾಳಿಗೆಯ ಮನೆ. ಮೂರು ಮಳೆಗಾಲಗಳಿಂದ ಅಡುಗೆಮನೆಯ ಮೂಲೆ ಸೋರುತ್ತಿತ್ತು. ತೊಲೆಗೆ ಗೆದ್ದಲು ಹಿಡಿದಿತ್ತು. ಕೆಡವುವುದೇ ಸರಿಯೆಂದು ಅಣ್ಣ ನಿಶ್ಚಯಿಸಿದಾಗ ನಾನೂ ಹೂಂಗುಟ್ಟಿದೆ. ಊರಿನಲ್ಲಿ ವಾಸವಿಲ್ಲದವನ ಒಪ್ಪಿಗೆಗೆ ಎಷ್ಟು ಬೆಲೆಯೋ ಅಷ್ಟು ಬೆಲೆ ಅದಕ್ಕೆ ಇದ್ದಿರಬೇಕು. ಆದರೂ ಗೋಡೆಗೆ ಹಾರೆ ಬೀಳುವ ಮುನ್ನ ಒಮ್ಮೆ ಬಂದು ಹೋಗೆಂದು ಅವನು ಹೇಳಿದ್ದರಿಂದ, ಕಾಲೇಜಿಗೆ ಎರಡು ದಿನ ರಜೆ ಹಾಕಿ ಧಾರವಾಡದಿಂದ ಹೊರಟೆ.

ಹಳೆಯ ಮನೆಯನ್ನು ಬರಿದು ಮಾಡುವಾಗ ಹೊರಬರುವ ವಸ್ತುಗಳನ್ನು ಕಂಡರೆ ಮನುಷ್ಯ ಯಾವುದನ್ನೂ ಎಸೆಯುವ ಪ್ರಾಣಿಯಲ್ಲವೆಂದು ತೋರುತ್ತದೆ. ಹಿಡಿ ಮುರಿದ ಕುಡುಗೋಲು, ತಳ ಸವೆದ ಕೊಳಗ, ನನ್ನ ಮೂರನೆಯ ಇಯತ್ತೆಯ ಪಾಟಿ, ಯಾವ ಬೀಗಕ್ಕೂ ಸೇರದ ಏಳು ಕೀಲಿಗಳು. ಒಲೆಯ ಎದುರಿನ ಗೋಡೆಯಲ್ಲಿ ಒಂದು ಮಾಡವಿತ್ತು. ಅದರ ಹಿಂಬದಿಯಲ್ಲಿ, ಹೊಗೆಯಿಂದ ಕಪ್ಪಾದ ಒಂದು ಹಾರ್ಲಿಕ್ಸ್ ಸೀಸೆ ಸಿಕ್ಕಿತು. ಮುಚ್ಚಳದ ಕೆಳಗೆ ಹಳೆಯ ಸೀರೆಯ ತುಂಡೊಂದನ್ನು ಬಿಗಿಯಾಗಿ ಸಿಕ್ಕಿಸಿ ಮುಚ್ಚಲಾಗಿತ್ತು. ತೆರೆದರೆ ಒಳಗೆ ನುಣ್ಣನೆಯ ಬೂದಿ. ಬೂದಿಯ ನಡುವೆ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಬಟ್ಟೆಯ ಗಂಟು. ಗಂಟಿನಲ್ಲಿ ಮೆಣಸಿನಕಾಯಿಯ ಬೀಜ.

ಅತ್ತಿಗೆ ಗಂಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. "ಇದು ಅತ್ತಿಯಾರ ಕೈಯಾಗಿಂದ. ಗಂಟ ನೋಡ ತಮ್ಮಾ, ಹಿಂಗ ಯಾರೂ ಹಾಕಂಗಿಲ್ಲ" ಎಂದಳು.

ಅವ್ವ ತೀರಿಕೊಂಡದ್ದು 2016ರ ಆಗಸ್ಟಿನಲ್ಲಿ. ಗಂಟಿಗೆ ಸುತ್ತಿದ್ದ ಹಾಳೆ ಒಂದು ಭಾನುವಾರದ ಪುರವಣಿಯದು. ಅಂಚಿನಲ್ಲಿ 18 ಜನವರಿ 2015 ಎಂಬ ದಿನಾಂಕ. ಕೆಳಗೆ ಯಾರದೋ ಕಥೆಯ ನಡುಭಾಗ, ಆರಂಭವೂ ಇಲ್ಲ, ಮುಕ್ತಾಯವೂ ಇಲ್ಲ. ಹಸ್ತಪ್ರತಿಯ ಕಾಲನಿರ್ಣಯ ಮಾಡುವುದನ್ನು ನಾನು ಎಂ.ಎ. ತರಗತಿಯಲ್ಲಿ ಕಲಿತವನು, ಆ ವಿದ್ಯೆ ಬದುಕಿನಲ್ಲಿ ಉಪಯೋಗಕ್ಕೆ ಬಂದದ್ದು ಇದೇ ಮೊದಲು. ಗಂಟು ಕಟ್ಟಿದ್ದು ಆ ಹಾಳೆ ಅಚ್ಚಾದ ಮೇಲೆ, ಅವ್ವ ಹಾಸಿಗೆ ಹಿಡಿಯುವುದಕ್ಕೆ ಮೊದಲು. ಅಂದರೆ 2015ರ ಸುಗ್ಗಿಯ ಬೀಜ, ಹೆಚ್ಚೆಂದರೆ ಮರುವರ್ಷದ್ದು. ನನ್ನ ಕೈಗೆ ಬರುವ ಹೊತ್ತಿಗೆ ಅದಕ್ಕೆ ಸುಮಾರು ಒಂಬತ್ತು ವರ್ಷ ತುಂಬಿತ್ತು.

ಇದರಲ್ಲಿ ಇಷ್ಟು ಹೇಳುವುದಕ್ಕೇನಿದೆ ಎಂದು ಓದುಗರು ಕೇಳಬಹುದು. ಮೆಣಸಿನ ಬೀಜ ಪೇಟೆಯಲ್ಲಿ ಸಿಗದ ವಸ್ತುವಲ್ಲ. ಬ್ಯಾಡಗಿ ಮೆಣಸಿನಕಾಯಿಯ ಹೆಸರನ್ನು ಕೇಳದವರೂ ಇಲ್ಲ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಬಣ್ಣ ಗಾಢ, ಖಾರ ಮಿತ, ಸಿಪ್ಪೆ ಸುಕ್ಕುಸುಕ್ಕು: ಇವು ಅದರ ಲಕ್ಷಣಗಳು. ಆ ಬಣ್ಣವನ್ನು ಹಿಂಡಿ ತೆಗೆದು ತುಟಿಯ ರಂಗಿಗೂ ಉಗುರಿನ ರಂಗಿಗೂ ಬಳಸುತ್ತಾರೆ. ಅದರಲ್ಲಿ ಕಡ್ಡಿ ಎಂಬುದು ನೀಳವಾದದ್ದು. ಡಬ್ಬಿ ಎಂಬುದು ಗಿಡ್ಡಗೆ, ದುಂಡಗೆ, ಹೊಟ್ಟೆ ಉಬ್ಬಿಸಿಕೊಂಡಂತೆ ಇರುವುದು. ಆದರೆ ಇವು ಪೇಟೆಯವರು ಇಟ್ಟುಕೊಂಡ ಎರಡು ಹೆಸರು. ಬೀಜವನ್ನು ತಾವೇ ಕಾದಿಟ್ಟು ಬಿತ್ತುವ ಮನೆಗಳಲ್ಲಿ, ಡಬ್ಬಿಯೆಂಬ ಒಂದೇ ಹೆಸರಿನ ಕೆಳಗೆ ಮನೆಗೊಂದು ಡಬ್ಬಿ ಇತ್ತು. ನಮ್ಮ ಮನೆಯದು ತೊಟ್ಟಿನ ಬಳಿ ತುಸು ಚಪ್ಪಟೆ. ಒಣಗಿದಾಗ ಬಣ್ಣ ಕೆಂಪನ್ನೂ ದಾಟಿ ಜಂಬುನೇರಳೆಯ ಸಮೀಪಕ್ಕೆ ಹೋಗುತ್ತಿತ್ತು. ನಮ್ಮ ಕಾಯಿಯ ಚೀಲವನ್ನು ಬಾಯಿ ಬಿಚ್ಚುವ ಮೊದಲೇ ದಲಾಲರು ವಾಸನೆಯಿಂದ ಗುರುತಿಸುತ್ತಿದ್ದರೆಂದು ಅಪ್ಪ ಹೇಳುತ್ತಿದ್ದ. ಅದರಲ್ಲಿ ಅಪ್ಪನ ಅಭಿಮಾನದ ಪಾಲೆಷ್ಟೋ ತಿಳಿಯದು. ನಾನು ಓದಿದ್ದು ಮಾತ್ರ ಆ ಚೀಲಗಳ ಮೇಲೆ. ನನ್ನ ಹಾಸ್ಟೆಲಿನ ಖರ್ಚು ಪ್ರತಿವರ್ಷ ಫೆಬ್ರವರಿಯಲ್ಲಿ, ಕಾಯಿ ಮಾರಿದ ವಾರದಲ್ಲಿಯೇ ಬರುತ್ತಿತ್ತು. ಬಂದ ನೋಟುಗಳನ್ನು ಎಣಿಸಿದರೆ ಸೀನು ಬರುತ್ತಿತ್ತು.

ಬೀಜ ಆಯುವುದು ಅವ್ವನ ಕೆಲಸ. ಕಣದ ರಾಶಿಯಿಂದ ಅವಳು ಎಂದೂ ಬೀಜ ತೆಗೆದವಳಲ್ಲ. ಎರಡನೆಯ ಬಿಡಿಸುವಿಕೆಗೆ ಮುನ್ನ ಒಬ್ಬಳೇ ಹೊಲದೊಳಗೆ ತಿರುಗಾಡಿ, ಮುಟುರು ರೋಗ ತಾಗದ, ಕೊಂಬೆ ಹರಡಿ ನಿಂತ ಗಿಡಗಳನ್ನು ನೋಡಿ ಅವುಗಳಿಗೆ ಸೀರೆಯ ಅಂಚಿನ ದಾರ ಕಟ್ಟಿ ಬರುತ್ತಿದ್ದಳು. ದಾರದ ಗಿಡದ ಕಾಯಿಯನ್ನು ಕೂಲಿಯವರು ಮುಟ್ಟುವಂತಿರಲಿಲ್ಲ. ಅವು ಗಿಡದಲ್ಲಿಯೇ ಪೂರ್ತಿ ಹಣ್ಣಾಗಿ ಬಾಡಬೇಕು. ಆಮೇಲೆ ನೆರಳಿನಲ್ಲಿ ಒಣಗಬೇಕು. ಬೀಜ ಬಿಡಿಸಿದ ರಾತ್ರಿ ಅವಳ ಕೈಯುರಿ ನಮಗೆಲ್ಲ ಗೊತ್ತಾಗುತ್ತಿತ್ತು. ಎಣ್ಣೆ ಹಚ್ಚಿಕೊಂಡು ಅಂಗೈಯನ್ನು ಮೇಲೆ ಮಾಡಿಕೊಂಡು ಮಲಗುತ್ತಿದ್ದಳು. ಖಾರವಿರುವುದು ಬೀಜದಲ್ಲಿ ಅಲ್ಲ, ಬೀಜ ಅಂಟಿಕೊಂಡಿರುವ ಒಳಗಿನ ಬಿಳಿಯ ತಿರುಳಿನಲ್ಲಿ. ಅದು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಇದನ್ನು ನಾನು ತಿಳಿದದ್ದು ಈಚೆಗೆ, ಪುಸ್ತಕದಿಂದ. ಅವಳು ನೀರಿಗೆ ಕೈ ಹಾಕದೆ ಎಣ್ಣೆಗೆ ಹಾಕಿದ್ದು ಯಾವ ಪುಸ್ತಕದಿಂದಲೋ!

ಬೀಜ ಮುದಿಯಾಗುತ್ತದೆಂಬುದೂ ಅವಳಿಗೆ ತಿಳಿದಿತ್ತು. "ಮೆಣಸಿನ ಬೀಜಕ್ಕ ಎರಡ ಮಳಿಗಾಲ. ಮೂರನೇದಕ್ಕ ನಂಬಿಗಿ ಇಲ್ಲ" ಎನ್ನುತ್ತಿದ್ದಳು. ಆದ್ದರಿಂದ ಪ್ರತಿವರ್ಷವೂ ಹೊಸದನ್ನು ಕಟ್ಟಿ ಹಳೆಯದನ್ನು ಚೆಲ್ಲುತ್ತಿದ್ದಳು. ಬರ ಬಿದ್ದ 2015ರಲ್ಲಿ ಮೆಣಸಿನಗಿಡ ಹೂ ಬಿಡುವ ಮೊದಲೇ ಒಣಗಿತು. ಮರುವರ್ಷವೂ ಮಳೆ ಕೈಕೊಟ್ಟಿತು, ಅವ್ವ ಹೋದಳು. ಅದರ ಮರುವರ್ಷ ಅಣ್ಣ ಗೋವಿನಜೋಳ ಹಾಕಿದ. ಅವನನ್ನು ದೂರಲಾರೆ, ಮುಟುರು ರೋಗಕ್ಕೆ ಔಷಧ ಹೊಡೆದು ಹೊಡೆದು ಬೇಸತ್ತವನು ಅವನು, ನಾನಲ್ಲ. ಮೆಣಸಿನಕಾಯಿ ಬೆಳೆಯುವ ನೆರೆಯವರೂ ಅಷ್ಟರಲ್ಲಿ ಕಂಪನಿಯ ಪೊಟ್ಟಣದ ಬೀಜಕ್ಕೆ ಹೋಗಿದ್ದರು. ಅವ್ವನಿಂದ ಬೀಜ ಇಸಿದುಕೊಂಡು ಹೋಗುತ್ತಿದ್ದ ನಾಲ್ಕು ಮನೆಗಳಿಗೂ ಅತ್ತಿಗೆ ಆ ಎರಡು ದಿನಗಳಲ್ಲಿ ಹೋಗಿ ವಿಚಾರಿಸಿ ಬಂದಳು. ಯಾರಲ್ಲಿಯೂ ಇರಲಿಲ್ಲ.

ಅಂದಮೇಲೆ ಆ ಮೆಣಸಿನಕಾಯಿ ಲೋಕದಲ್ಲಿ ಉಳಿದಿದ್ದರೆ ಈ ಸೀಸೆಯಲ್ಲಿ ಉಳಿದಿರಬೇಕು.

"ಒಂಬತ್ತ ವರ್ಷದ ಬೀಜ ನಾಟತೈತೇನ ತಮ್ಮಾ? ಕಾಲೇಜಿನ್ಯಾಗ ಹಂಗ ಹೇಳಿಕೊಡ್ತಾರೇನ?" ಎಂದು ಅಣ್ಣ ನಕ್ಕ. ನಾಟುವುದೆಂದರೆ ನಮ್ಮ ಕಡೆ ಬೀಜ ಮೊಳೆಯುವುದು. ಮೈಸೂರಿನ ಕಡೆ ಸಸಿಯನ್ನು ಕಿತ್ತು ನೆಡುವುದು. ಒಂದೇ ಮಾತು ತುಂಗಭದ್ರೆಯನ್ನು ದಾಟುವಷ್ಟರಲ್ಲಿ ಬೇರೆ ಕೆಲಸ ಹಿಡಿಯುತ್ತದೆ. ನನಗೆ ಆಗ ಬೇಕಾಗಿದ್ದುದು ನಮ್ಮ ಕಡೆಯ ಅರ್ಥ.

ಧಾರವಾಡಕ್ಕೆ ತಂದು ಎಣಿಸಿದೆ: ಇನ್ನೂರ ಹನ್ನೆರಡು ಬೀಜ. ತೂಗಿದರೆ ಒಂದು ಗ್ರಾಮಿಗೆ ಸ್ವಲ್ಪ ಹೆಚ್ಚು. ಬಣ್ಣ ಹೊಸ ಬೀಜದ ತೆಳು ಹಳದಿಯಲ್ಲ, ಹಳೆಯ ಕಾಗದದ ಕಂದು.

ಇನ್ನು ನನ್ನ ಮೂರ್ಖತನವನ್ನು ಹೇಳಬೇಕು. ಅದೇ ವಾರ, ಡಿಸೆಂಬರ್ ತಿಂಗಳ ಕೊನೆಯಲ್ಲಿ, ಅರವತ್ತು ಬೀಜಗಳನ್ನು ಎಣಿಸಿ ತೆಗೆದು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟೆ. ಬೆಳಿಗ್ಗೆ ಹಿತ್ತಲ ಕುಂಡಗಳಲ್ಲಿ ಗೊಬ್ಬರ ತುಂಬಿ ಬಿತ್ತಿದೆ. ಎರಡು ಹೊತ್ತು ನೀರು ಹನಿಸಿದೆ. ಧಾರವಾಡದ ಚಳಿಗಾಲದ ರಾತ್ರಿ ಹದಿನೈದು ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ನಾನು ಕಂಬಳಿ ಹೊದ್ದು ಮಲಗಿದೆ. ಬೀಜಗಳಿಗೆ ಕಂಬಳಿ ಇರಲಿಲ್ಲ. ಮೂರು ವಾರ ಕಾದು ಒಂದು ಕುಂಡವನ್ನು ಕೆದಕಿ ನೋಡಿದರೆ, ಬೆರಳಿಗೆ ಸಿಕ್ಕಿದ್ದು ಹಿಚುಕಿದರೆ ಕರಗುವ ಸಿಪ್ಪೆಗಳು. ಅರವತ್ತರಲ್ಲಿ ಒಂದೂ ಇಲ್ಲ.

ನಮ್ಮ ಕಾಲೇಜಿನಲ್ಲಿ ಪಿಯುಸಿ ಓದುವಾಗ ನನ್ನ ಕನ್ನಡ ತರಗತಿಯ ಕೊನೆಯ ಬೆಂಚಿನಲ್ಲಿ ನಿದ್ದೆ ಮಾಡುತ್ತಿದ್ದ ಹುಡುಗನೊಬ್ಬ ಈಗ ಬೀಜವಿಜ್ಞಾನ ಓದಿದ್ದಾನೆ. ಅವನನ್ನು ಕರೆದು ತೋರಿಸಿದೆ. ಎಲ್ಲವನ್ನೂ ಕೇಳಿ, ಗುರುವಿನ ಮೇಲಿನ ಗೌರವವನ್ನು ಕಳೆಯದಂತೆ ತಲೆ ತಗ್ಗಿಸಿ, "ಸರ, ನೀವು ಬೀಜ ಬಿತ್ತಿಲ್ಲರಿ. ಹುಗದೀರಿ" ಎಂದ. ತರಗತಿಯಲ್ಲಿ ಮಲಗಿದ್ದರೂ ಮಾತಿನ ಸೂಕ್ಷ್ಮವನ್ನು ಕಲಿತಿದ್ದಾನೆಂದು ಸಂತೋಷಪಟ್ಟುಕೊಂಡೆ.

ಅವನು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಇಲ್ಲಿ ಬರೆಯುತ್ತೇನೆ. ಒಣಬೀಜ ಸತ್ತ ವಸ್ತುವಲ್ಲ. ಅತ್ಯಂತ ಮೆಲ್ಲಗೆ ಉಸಿರಾಡುತ್ತಿರುವ ಜೀವ. ಹಲಸು, ಮಾವುಗಳ ಬೀಜ ಒಣಗಿದರೆ ಸಾಯುತ್ತದೆ, ಅವನ್ನು ಕೂಡಿಡಲಾಗದು. ಮೆಣಸಿನಕಾಯಿ, ಜೋಳ, ಕಡಲೆಗಳದು ಬೇರೆ ಜಾತಿ: ಒಣಗಿದಷ್ಟೂ ಬಾಳುತ್ತವೆ. ಹ್ಯಾರಿಂಗ್‌ಟನ್ ಎಂಬ ಅಮೆರಿಕದ ವಿಜ್ಞಾನಿ ಇದಕ್ಕೆ ಒಂದು ಸ್ಥೂಲ ಲೆಕ್ಕ ಕೊಟ್ಟಿದ್ದಾನೆ. ಬೀಜದೊಳಗಿನ ತೇವ ಶೇಕಡಾ ಒಂದು ಕಡಿಮೆಯಾದರೆ ಅದರ ಆಯುಷ್ಯ ಎರಡರಷ್ಟಾಗುತ್ತದೆ. ಇಟ್ಟ ಜಾಗದ ಶಾಖ ಐದು ಡಿಗ್ರಿ ಇಳಿದರೆ ಮತ್ತೆ ಎರಡರಷ್ಟು. ಅವ್ವನ ಬೂದಿ ಮಾಡುತ್ತಿದ್ದುದು ಮೊದಲನೆಯ ಕೆಲಸವನ್ನು. ಒಣಬೂದಿ ಸೀಸೆಯೊಳಗಿನ ತೇವವನ್ನು ಹೀರುತ್ತದೆ. ಎರಡನೆಯದಕ್ಕೆ ಅವಳಲ್ಲಿ ಉಪಾಯವಿರಲಿಲ್ಲ. ಒಲೆಯ ಎದುರಿನ ಮಾಡ ಒಣಗಿರುತ್ತಿತ್ತು, ತಂಪಾಗಿರುತ್ತಿರಲಿಲ್ಲ. ಬೀಜವನ್ನು ಶೂನ್ಯಕ್ಕಿಂತ ಹದಿನೆಂಟು ಡಿಗ್ರಿ ಕೆಳಗೆ ಕಾಪಿಡುವ ಭಂಡಾರಗಳು ಈಗ ದೆಹಲಿಯಲ್ಲಿಯೂ ಇವೆ, 2008ರಿಂದ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪದ ಹಿಮದಡಿಯಲ್ಲಿಯೂ ಇವೆ. ನಮ್ಮ ಹಳ್ಳಿಯಲ್ಲಿ ಮಾಡವಿತ್ತು.

ಮಾಮೂಲಿಯಾಗಿ ಇಟ್ಟ ಮೆಣಸಿನ ಬೀಜ ಎರಡು ಮೂರು ವರ್ಷ ಚೆನ್ನಾಗಿರುತ್ತದೆ, ಆಮೇಲೆ ವೇಗವಾಗಿ ಕುಸಿಯುತ್ತದೆ. ಅವ್ವನ ಎರಡು ಮಳೆಗಾಲದ ಲೆಕ್ಕ ತಪ್ಪಲ್ಲ. ನಮ್ಮ ದೇಶದ ಪ್ರಮಾಣಿತ ಬೀಜದ ನಿಯಮದಂತೆ ಮೆಣಸಿನ ಬೀಜ ನೂರಕ್ಕೆ ಅರವತ್ತಾದರೂ ಮೊಳೆಯಬೇಕು. ನನ್ನ ಬೀಜ ಪೇಟೆಗೆ ಹೋಗಬೇಕಾಗಿರಲಿಲ್ಲ. ಒಂದು ಮೊಳೆತರೂ ಸಾಕಾಗಿತ್ತು.

ಮುದಿ ಬೀಜದ ತೊಂದರೆ ಇದು: ವರ್ಷಗಳು ಕಳೆದಂತೆ ಅದರ ಒಳಗಿನ ಜೀವಕೋಶಗಳ ಪೊರೆಗಳು ಹರಿದಿರುತ್ತವೆ, ಸಂಗ್ರಹದ ಕೊಬ್ಬು ಕಮಟಾಗಿರುತ್ತದೆ. ನೀರು ಸಿಕ್ಕೊಡನೆ ಅದು ಬೆಳೆಯುವುದಕ್ಕೆ ಹೊರಡಲಾರದು. ಮೊದಲು ಒಳಗಿನ ರಿಪೇರಿ ಮುಗಿಸಿಕೊಳ್ಳಬೇಕು. ಆದ್ದರಿಂದಲೇ ಹೊಸ ಬೀಜ ವಾರ ಹತ್ತು ದಿನದಲ್ಲಿ ಮೊಳೆತರೆ ಹಳೆಯದಕ್ಕೆ ಮೂರು ನಾಲ್ಕು ವಾರ ಹಿಡಿಯುವುದುಂಟು. ನೀರು ಥಟ್ಟನೆ ಒಳನುಗ್ಗಿದರೆ ಶಿಥಿಲವಾದ ಪೊರೆಗಳು ಇನ್ನಷ್ಟು ಹರಿದು, ಒಳಗಿನ ಸಾರ ಸೋರಿ, ಅದನ್ನೇ ತಿಂದು ಬೂಷ್ಟು ಬೆಳೆಯುತ್ತದೆ. ನಾನು ಇಡೀ ರಾತ್ರಿ ಮುಳುಗಿಸಿಟ್ಟು ಮಾಡಿದ ಉಪಕಾರ ಇದೇ. "ಅವಕ್ಕ ಮೊದಲ ನೀರಿನ ವಾಸನಿ ತೋರಸಬೇಕ್ರಿ ಸರ. ಕುಡಿಸೂದು ಆಮ್ಯಾಲೆ" ಎಂದು ಹುಡುಗ ಹೇಳಿದ.

ಅವನು ಇಪ್ಪತ್ತು ಬೀಜಗಳನ್ನು ಪರೀಕ್ಷೆಗೆ ಒಯ್ದ. ಹದಿನಾಲ್ಕು ದಿನಗಳ ಬಳಿಕ ಫೋನು ಮಾಡಿ, ಒಂದೂ ಬಂದಿಲ್ಲವೆಂದ. ಉಳಿದದ್ದು ನೂರ ಮೂವತ್ತೆರಡು. ಬೀಜ ಬದುಕಿದೆಯೇ ಎಂದು ತಿಳಿಯಬೇಕಾದರೆ ಬೀಜವನ್ನೇ ವೆಚ್ಚಮಾಡಬೇಕು. ತಾಳೆಗರಿಯ ಕಟ್ಟನ್ನು ಓದಲು ಬಿಚ್ಚಿದಾಗಲೇ ಗರಿಯ ಅಂಚು ಮುರಿದು ಉದುರುವುದನ್ನು ಕಂಡವರಿಗೆ ಈ ಸಂಕಟ ಅರ್ಥವಾದೀತು. ಬಿಚ್ಚದಿದ್ದರೆ ಅದು ಗ್ರಂಥವಾಗಿ ಉಳಿಯುತ್ತದೆ, ಆದರೆ ಒಳಗೇನಿದೆಯೋ ತಿಳಿಯದು. ಒಂದನೆಯ ಗುಣವರ್ಮನ 'ಶೂದ್ರಕ', 'ಹರಿವಂಶ'ಗಳು ನಮಗೆ ಸಿಕ್ಕಿಲ್ಲ. ಬೇರೆಯವರು ಉದಾಹರಿಸಿದ ಕೆಲವು ಪದ್ಯಗಳಷ್ಟೇ ಉಳಿದಿವೆ. ಅವುಗಳ ಕೊನೆಯ ಪ್ರತಿಯೂ ಯಾವುದೋ ಅಟ್ಟದ ಮೇಲೆ, ಯಾರದೋ ಮನೆ ಕೆಡವುವ ದಿನದವರೆಗೆ ಇದ್ದಿರಬಹುದೇ ಎಂದು ಆ ದಿನಗಳಲ್ಲಿ ಪಾಠ ಮಾಡುವಾಗಲೆಲ್ಲ ನನಗೆ ತೋರುತ್ತಿತ್ತು. ವಿದ್ಯಾರ್ಥಿಗಳು ಏನೂ ತಿಳಿಯದೆ ಬರೆದುಕೊಂಡರು.

ಬೆಚ್ಚನೆಯ ದಿನಗಳು ಬರುವವರೆಗೆ ಕಾಯಲು ಹುಡುಗ ಹೇಳಿದ್ದ. ಆ ಎರಡು ತಿಂಗಳು ನಾನು ಹಳೆಯ ಬೀಜಗಳ ಕಥೆಗಳನ್ನು ಓದಿದೆ. ಮಸಾದಾ ಕೋಟೆಯ ಉತ್ಖನನದಲ್ಲಿ ಸಿಕ್ಕ ಎರಡು ಸಾವಿರ ವರ್ಷದ ಖರ್ಜೂರದ ಬೀಜ 2005ರಲ್ಲಿ ಇಸ್ರೇಲಿನಲ್ಲಿ ಮೊಳೆಯಿತು. ಅಷ್ಟು ಕಾದು ಎದ್ದ ಮರ ಗಂಡಾಗಿತ್ತು. ಹಣ್ಣು ಬಿಡುವ ಯೋಗವಿಲ್ಲ! ಅದಕ್ಕೆ ತಕ್ಕ ವಧುವನ್ನು ಅಷ್ಟೇ ಹಳೆಯ ಬೀಜಗಳಿಂದಲೇ ಹುಟ್ಟಿಸಬೇಕಾಯಿತು. ಲೆನಿನ್‌ಗ್ರಾಡ್ ನಗರಕ್ಕೆ 1941ರಲ್ಲಿ ಮುತ್ತಿಗೆ ಬಿದ್ದಾಗ, ವಾವಿಲೋವ್ ಕೂಡಿಸಿದ್ದ ಬೀಜಭಂಡಾರವನ್ನು ಕಾಯುತ್ತಿದ್ದ ಕೆಲವರು ಕಾಳಿನ ಚೀಲಗಳ ನಡುವೆ ಕುಳಿತು ಹಸಿವಿನಿಂದ ಸತ್ತರು, ಕಾಳನ್ನು ಮುಟ್ಟಲಿಲ್ಲ. ಆ ಪುಟ ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ.

ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದವನು ವಿಲಿಯಂ ಬೀಲ್ ಎಂಬ ಮೇಷ್ಟ್ರು. ಅಮೆರಿಕದ ಮಿಷಿಗನ್ ಪ್ರಾಂತದ ಒಂದು ವ್ಯವಸಾಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಇವನು 1879ರಲ್ಲಿ ಇಪ್ಪತ್ತು ಸೀಸೆಗಳನ್ನು ತೆಗೆದುಕೊಂಡ. ಪ್ರತಿಯೊಂದರಲ್ಲಿಯೂ ಇಪ್ಪತ್ತೊಂದು ಜಾತಿಯ ಗಿಡಗಳ, ಜಾತಿಗೆ ಐವತ್ತರಂತೆ, ಬೀಜಗಳನ್ನು ತೇವದ ಮರಳಿನಲ್ಲಿ ಬೆರೆಸಿ ತುಂಬಿ, ಬಾಯಿ ಕೆಳಗೆ ಮಾಡಿ ನೆಲದಲ್ಲಿ ಹೂಳಿದ. ಐದು ವರ್ಷಕ್ಕೊಂದು ಸೀಸೆ ತೆಗೆದು ಬಿತ್ತಿ, ಕಳೆಯ ಬೀಜ ಎಷ್ಟು ಕಾಲ ಬದುಕಿರುತ್ತದೆಂದು ನೋಡುವುದು ಅವನ ಹಂಚಿಕೆ. ರೈತರು ಎಷ್ಟು ವರ್ಷ ಕಳೆ ಕಿತ್ತರೆ ಮುಗಿಯುತ್ತದೆಂಬುದು ಅವನು ಕೇಳಿಕೊಂಡ ಸಾಮಾನ್ಯ ಪ್ರಶ್ನೆ. ಅವನು ಮುದುಕನಾದ, ಸತ್ತ. ಶಿಷ್ಯರು ಅವಧಿಯನ್ನು ಹತ್ತು ವರ್ಷಕ್ಕೆ ಹಿಗ್ಗಿಸಿದರು, ಮುಂದೆ ಇಪ್ಪತ್ತಕ್ಕೆ. ಹೂಳಿದ ಜಾಗ ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ ಗುಟ್ಟಾಗಿ ಹಸ್ತಾಂತರವಾಗುತ್ತ ಬಂತು. ಹದಿನಾರನೆಯ ಸೀಸೆಯನ್ನು 2021ರಲ್ಲಿ ತೆಗೆದರು. ಬೀಜಕ್ಕೆ ಬೆಳಕು ತಾಗಬಾರದೆಂದು ರಾತ್ರಿಯ ಕತ್ತಲೆಯಲ್ಲಿ ಅಗೆದರು. ನೂರ ನಲವತ್ತೆರಡು ವರ್ಷ ಮಣ್ಣಿನಲ್ಲಿದ್ದ ಬೀಜಗಳಲ್ಲಿ ಒಂದು ಜಾತಿಯ ಕಳೆಗಿಡ ಮೊಳೆತು ಎದ್ದಿತು. ಇನ್ನು ನಾಲ್ಕು ಸೀಸೆಗಳಿವೆ. ಕೊನೆಯದನ್ನು ತೆಗೆಯುವುದು 2100ರಲ್ಲಿ. ಅದನ್ನು ಅಗೆಯುವವರು ಇನ್ನೂ ಹುಟ್ಟಿಲ್ಲ.

ಇಪ್ಪತ್ತು ಸೀಸೆ ತುಂಬುವಷ್ಟು ಮುಂದಾಲೋಚನೆ ನನ್ನ ಅವ್ವನಿಗೂ ಇದ್ದಿದ್ದರೆ ಎಂದುಕೊಂಡು ತಕ್ಷಣ ನಾಚಿದೆ. ಅವಳು ಮುಂದಿನ ಮುಂಗಾರಿಗೆಂದು ಕಟ್ಟಿಟ್ಟವಳು. ಮಗ ಒಂಬತ್ತು ವರ್ಷ ಮರೆಯುತ್ತಾನೆಂಬುದು ಅವಳ ಯೋಜನೆಯಲ್ಲಿ ಇರಲಿಲ್ಲ.

2024ರ ಮಾರ್ಚ್ ತಿಂಗಳ ಎರಡನೆಯ ವಾರ ನೂರು ಬೀಜಗಳನ್ನು ತೆಗೆದೆ. ಮೂವತ್ತೆರಡನ್ನು ಕಟ್ಟಿ ಫ್ರಿಜ್ಜಿನಲ್ಲಿಟ್ಟೆ. ನೂರನ್ನೂ ಒಂದು ಜರಡಿಯಲ್ಲಿ ಹರಡಿ, ನೀರಿದ್ದ ಡಬ್ಬಿಯ ಮೇಲೆ, ನೀರಿಗೆ ತಾಗದಂತೆ ಎರಡು ದಿನ ಮುಚ್ಚಿಟ್ಟೆ: ಇದು ವಾಸನೆ ತೋರಿಸುವ ಶಾಸ್ತ್ರ. ಆಮೇಲೆ ಒದ್ದೆ ಕಾಗದದ ನಡುವೆ ಹಾಸಿದೆ. ಕಾಗದವನ್ನು ನೆನೆಸಿದ್ದು ಒಂದು ಲೀಟರಿಗೆ ಎರಡು ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ. ಅದು ಬೀಜವನ್ನು ಎಚ್ಚರಿಸುತ್ತದೆಂದು ಪ್ರಯೋಗಶಾಲೆಗಳಲ್ಲಿ ಬಳಸುವ ಪದ್ಧತಿ. ಹುಡುಗ ಒಂದು ಪೊಟ್ಟಣ ಕೊಟ್ಟಿದ್ದ. ಡಬ್ಬಿಯನ್ನು ಫ್ರಿಜ್ಜಿನ ತಲೆಯ ಮೇಲಿಟ್ಟೆ. ಅಲ್ಲಿ ಹಗಲು ಮೂವತ್ತು ಡಿಗ್ರಿ, ರಾತ್ರಿ ಇಪ್ಪತ್ತಾರು. ಒಂದೇ ಯಂತ್ರದ ಹೊಟ್ಟೆಯಲ್ಲಿ ಮೂವತ್ತೆರಡು ಬೀಜ ಮಲಗಿದ್ದವು, ನೆತ್ತಿಯ ಮೇಲೆ ನೂರು ಏಳಲು ಪ್ರಯತ್ನಿಸುತ್ತಿದ್ದವು.

ದಿನಕ್ಕೊಮ್ಮೆ ಮುಚ್ಚಳ ತೆರೆದು ಗಾಳಿ ಆಡಿಸಿ, ಬೂಷ್ಟು ಹಿಡಿದ ಬೀಜವನ್ನು ಚಿಮುಟದಿಂದ ಎತ್ತಿ ಎಸೆಯುವುದು ನನ್ನ ಪ್ರಾತಃಕರ್ಮವಾಯಿತು. ಹತ್ತನೆಯ ದಿನಕ್ಕೆ ಮೂವತ್ತು ಹೋದವು. ಹದಿನೈದನೆಯ ದಿನಕ್ಕೆ ಅರ್ಧ. ಕಾಯುವವನಿಗೆ ಏನಾದರೂ ಕೆಲಸ ಬೇಕು. ನಾನು ನಿಘಂಟು ತೆಗೆದು ಕುಳಿತೆ. ನಮ್ಮ ಹಳೆಯ ಮಾತಿನಲ್ಲಿ 'ಬಿತ್ತು' ಎಂಬುದು ಕ್ರಿಯೆಯೂ ಹೌದು, ಬೀಜವೂ ಹೌದು. ಬಿತ್ತುವುದೂ ಬಿತ್ತಲ್ಪಡುವುದೂ ಒಂದೇ ಹೆಸರಿನವು. ಕೆರೆಯನ್ನು ಕಾಪಾಡುವುದಕ್ಕೆಂದು ಬಿಟ್ಟುಕೊಟ್ಟ ಭೂಮಿಗೆ ಶಾಸನಗಳು ಬಿತ್ತುವಟ್ಟವೆನ್ನುತ್ತವೆ. ಮೆಣಸು ಎಂಬ ಮಾತಿನ ಚರಿತ್ರೆ ಇನ್ನೂ ಸ್ವಾರಸ್ಯದ್ದು. ಹಳೆಯ ರೂಪ ಮೆಳಸು, ತಮಿಳಿನಲ್ಲಿ ಮಿಳಗು. ಅದು ನಮ್ಮ ಮಲೆಯ ಬಳ್ಳಿಯಲ್ಲಿ ಬಿಡುವ ಕಪ್ಪು ಕಾಳಿನ ಹೆಸರು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದ ಒಂದು ಕೆಂಪು ಕಾಯಿ ಬಂದಿಳಿಯಿತು. ಖಾರವೆಂದರೆ ಮೆಣಸೊಂದನ್ನೇ ಬಲ್ಲ ಜನ ಅದನ್ನು ಮೆಣಸಿನಕಾಯಿ ಎಂದರು. ಪುರಂದರದಾಸರ ಹೆಸರಿನಲ್ಲಿ ಅದರ ಮೇಲೊಂದು ಕೀರ್ತನೆಯೇ ಪ್ರಚಾರದಲ್ಲಿದೆ. ಬಂದ ಅತಿಥಿ ಕ್ರಮೇಣ ಮನೆಯ ಯಜಮಾನನಾಗಿ, ಹೆಸರಿನ ಮೂಲ ಒಡೆಯನೇ ಕರಿಮೆಣಸು, ಕಾಳುಮೆಣಸು ಎಂದು ವಿಶೇಷಣ ಹಚ್ಚಿಕೊಂಡು ತಿರುಗಬೇಕಾಯಿತು. ಅವ್ವನ ಕುಲಪರಂಪರೆಯ ಮೆಣಸಿನಕಾಯಿ ಎಂದು ನಾನು ಎದೆ ತಟ್ಟಿಕೊಳ್ಳುತ್ತಿದ್ದುದೂ ಹಾಗೆ ಹಡಗು ಹತ್ತಿ ಬಂದದ್ದೇ. ನಾನೂರು ಐನೂರು ವರ್ಷ ಎಷ್ಟು ಹೆಂಗಸರು ಎಷ್ಟು ಗಿಡಗಳಿಗೆ ದಾರ ಕಟ್ಟಿದ ಮೇಲೆ ಅದು ಬ್ಯಾಡಗಿಯ ಡಬ್ಬಿಯಾಯಿತೋ!

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಮುಚ್ಚಳ ತೆರೆದವಳು ನನ್ನ ಹೆಂಡತಿ. "ಇಲ್ಲಿ ಬರ್ರಿ. ಬಾಲ ಬಂದೈತಿ" ಎಂದು ಕೂಗಿದಳು. ಸಾಸಿವೆಯಷ್ಟು ಉದ್ದದ ಬಿಳಿಯ ಬೇರಿನ ತುದಿ. ನಾನು ಕನ್ನಡಕ ಹಾಕಿಕೊಂಡು, ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದೆ. ಆ ದಿನ ತರಗತಿಯಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ.

ಮೂವತ್ತನಾಲ್ಕನೆಯ ದಿನದವರೆಗೆ ಒಟ್ಟು ನಾಲ್ಕು ಮೊಳೆತವು. ಸಣ್ಣ ಲೋಟಗಳಲ್ಲಿ ಮಣ್ಣು ತುಂಬಿ ನೆಟ್ಟೆ. ಒಂದರ ಎಲೆಗಳು ಬೀಜದ ಸಿಪ್ಪೆಯಿಂದ ಬಿಡಿಸಿಕೊಳ್ಳಲಾರದೆ, ಟೋಪಿ ಹಾಕಿದ ಹುಡುಗನಂತೆ ತಲೆ ಬಾಗಿಸಿ ನಿಂತಿತು. ಎರಡು ದಿನ ನೋಡಿದೆ. ಮೂರನೆಯ ದಿನ ತಾಳಲಾರದೆ ಉಗುರಿನಿಂದ ಟೋಪಿ ತೆಗೆಯಲು ಹೋದೆ. ಟೋಪಿಯೊಡನೆ ತಲೆಯೂ ಬಂತು. ಹನಿ ನೀರು ಹಾಕಿ ಸಿಪ್ಪೆಯನ್ನು ನೆನೆಸಬೇಕಾಗಿತ್ತೆಂದು ಹುಡುಗ ಆಮೇಲೆ ಹೇಳಿದ. ಇನ್ನೊಂದು, ಬುಡ ಕೊಳೆತು ರಾತ್ರಿ ಕಳೆಯುವುದರೊಳಗೆ ಒರಗಿತು. ಮೂರನೆಯದು ಆರು ಎಲೆ ಬಿಟ್ಟು ಮುಟುರಿತು. ಅಣ್ಣನನ್ನು ಗೋವಿನಜೋಳಕ್ಕೆ ಅಟ್ಟಿದ ಅದೇ ರೋಗ ನನ್ನ ಹಿತ್ತಲನ್ನೂ ಹುಡುಕಿಕೊಂಡು ಬಂದಿತ್ತು. ಕಿತ್ತು ಸುಟ್ಟುಹಾಕಿದೆ.

ಉಳಿದ ಒಂದು ಗಿಡ ಜುಲೈ ತಿಂಗಳಲ್ಲಿ ಹೂ ಬಿಟ್ಟಿತು. ಮೆಣಸಿನ ಹೂ ತನ್ನ ಪರಾಗದಿಂದಲೇ ಕಾಯಿ ಕಚ್ಚಬಲ್ಲದು. ಆದರೆ ಜೇನುನೊಣ ಪಕ್ಕದ ಮನೆಯ ಮೆಣಸಿನಗಿಡದ ಪರಾಗವನ್ನೂ ತಂದು ಸೇರಿಸಬಲ್ಲದು. ಆದ್ದರಿಂದ ಹಳೆಯ ಸೊಳ್ಳೆಪರದೆಯನ್ನು ಹರಿದು ಗಿಡಕ್ಕೆ ಹೊದಿಸಿ, ದಿನವೂ ಕೊಂಬೆಗಳನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದೆ. ನೆರೆಮನೆಯವರು ಬೇಲಿಯಾಚೆಯಿಂದ ನೋಡಿದರು, ಏನೂ ಕೇಳಲಿಲ್ಲ. ಅಕ್ಟೋಬರ್ ಮುಗಿಯುವಷ್ಟರಲ್ಲಿ ಹದಿನೇಳು ಕಾಯಿ ಕೆಂಪಾಗಿ, ಗಿಡದಲ್ಲಿಯೇ ಬಾಡಿದವು. ನೆರಳಿನಲ್ಲಿ ಒಣಗಿಸಿ, ಒಂದು ಕರವಸ್ತ್ರದಲ್ಲಿ ಕಟ್ಟಿಕೊಂಡು ದೀಪಾವಳಿ ಕಳೆದ ಮರುವಾರ ಊರಿಗೆ ಹೋದೆ.

ಹೊಸ ಮನೆಯ ಅಡುಗೆಕೋಣೆಯಲ್ಲಿ ಕಲ್ಲಿನ ಕಟ್ಟೆಯ ಮೇಲೆ ಅವನ್ನು ಸುರಿದೆ. ಅತ್ತಿಗೆ ಮಾತನಾಡಲಿಲ್ಲ. ಒಂದನ್ನು ಎತ್ತಿಕೊಂಡು ತೊಟ್ಟು ನೋಡಿದಳು. ಮುರಿದಳು. ಮೂಗಿಗೆ ಹಿಡಿದಳು. ಸಿಪ್ಪೆಯ ಚೂರನ್ನು ನಾಲಗೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ನಿಂತಳು. ಎಂ.ಎ. ಮೌಖಿಕ ಪರೀಕ್ಷೆಯಲ್ಲಿ ನಾನು ಅಷ್ಟು ಹೊತ್ತು ನಿಂತಿರಲಿಲ್ಲ.

"ಬಣ್ಣ ಅವರದು. ವಾಸನೀನೂ ಅವರದು. ಸುಕ್ಕ ಮಾತ್ರ ಕಮ್ಮಿ ಐತಿ" ಎಂದಳು ಕೊನೆಗೆ.

ಕುಂಡದ ಗಿಡಕ್ಕೆ ಎರೆಯ ಮಣ್ಣಿನ ಹದ ಸಿಗಲಿಲ್ಲವೆಂದು ನಾನು ಸಮಜಾಯಿಷಿ ಹೇಳಿದೆ. ಅವಳು ತಲೆಯಾಡಿಸಿದಳು. "ಮಣ್ಣೂ ಇರಬೋದು. ಒಂದ ಗಿಡ ಒಂದ ಗಿಡಾನ ತಮ್ಮಾ. ಅತ್ತಿಯಾರು ಇಪ್ಪತ್ತ ಮೂವತ್ತ ಗಿಡಕ್ಕ ದಾರಾ ಕಟ್ತಿದ್ರು. ಅದರಾಗ ಒಂದ ದುಂಡಗ, ಒಂದ ಉದ್ದಕ, ಒಂದ ಜಗ್ಗಿ ಸುಕ್ಕ. ಎಲ್ಲಾ ಕೂಡಿದ್ರ ಅವರ ಮೆಣಸಿನಕಾಯಿ." ಬೀಜವಿಜ್ಞಾನದ ಹುಡುಗನೂ ಇದನ್ನೇ ಹೇಳಿದ್ದ, ಇನ್ನಷ್ಟು ಕಷ್ಟದ ಮಾತುಗಳಲ್ಲಿ: ಒಂದು ತಳಿಯೆಂದರೆ ಒಂದು ಗಿಡವಲ್ಲ, ಒಂದೇ ಗಿಡದಿಂದ ಮತ್ತೆ ಎಬ್ಬಿಸಿದ ತಳಿ ಆ ಕಿರಿದಾದ ಬಾಗಿಲಿನಿಂದ ಹಾಯ್ದು ಬರುವಾಗ ಬಹಳಷ್ಟನ್ನು ಹೊರಗೆ ಬಿಟ್ಟುಬರುತ್ತದೆ.

ಅಣ್ಣ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ. ಒಳಗೆ ಬಂದು ಒಂದು ಕಾಯಿಯನ್ನು ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗಿನ ಬೀಜ ಸದ್ದು ಮಾಡಿತು. ಅದನ್ನು ಅಲ್ಲಿಯೇ ಇಟ್ಟು, "ಬಾವಿ ಕಡೆ ನಾಕ ಸಾಲ ಬಿಡ್ತೀನಿ. ನಾಕ ಅಂದ್ರ ನಾಕ. ಔಷಧಕ್ಕ ರೊಕ್ಕ ನಿಂದು" ಎಂದು ಹೊರಗೆ ಹೋದ.

ಆ ರಾತ್ರಿ ಮೂವರೂ ಕುಳಿತು ಬೀಜ ಬಿಡಿಸಿದೆವು. ಸಾವಿರಕ್ಕೆ ಸ್ವಲ್ಪ ಕಡಿಮೆ ಬಂದವು. ಎರಡು ಪಾಲು ಮಾಡಿದೆವು. ನನ್ನ ಪಾಲನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ದಿನಾಂಕ ಬರೆದೆ. ಅತ್ತಿಗೆ ತನ್ನ ಪಾಲಿಗೆ ಬೂದಿ ಬೇಕೆಂದಳು. ಹೊಸ ಮನೆಯಲ್ಲಿ ಗ್ಯಾಸಿನ ಒಲೆ, ಬೂದಿ ಎಲ್ಲಿಂದ ಬರಬೇಕು? ಹಿತ್ತಲಲ್ಲಿ ನೀರು ಕಾಯಿಸುವ ಹಂಡೆಯ ಒಲೆಯಿಂದ ಅಣ್ಣ ಒಂದು ಬೊಗಸೆ ತಂದ. ಅವಳು ಅದನ್ನು ಸೆರಗಿನಲ್ಲಿ ಸೋಸಿದಳು. ಅಂಗೈ ಉರಿಯುತ್ತಿತ್ತು, ಎಣ್ಣೆಯ ಬಟ್ಟಲು ಮೂವರ ನಡುವೆ ಸುತ್ತಿತು.

ಗಂಟು ಹಾಕುತ್ತಿದ್ದವಳು ಥಟ್ಟನೆ ಕೇಳಿದಳು: "ಆ ಹಳೇ ಮೂವತ್ತೆರಡು?"

"ಫ್ರಿಜ್ಜಿನಾಗ ಅದಾವ" ಎಂದೆ.

"ಅಲ್ಲಿಟ್ಟು ಏನ ಮಾಡ್ತಿ? ಅದರಾಗ ಒಂದರ ಸುಕ್ಕಿಂದು ಇದ್ದೀತು. ಬಿಸಲ ಬಿದ್ದ ಕೂಡ್ಲೆ ತಗೊಂಬಾ. ಈ ಸಲ ನಾ ಎಬ್ಬಸ್ತೀನಿ. ನಿನ್ನ ಉಗುರ ದೂರ ಇಡು."